ಭಾವುಸಾಹೇಬರ ಟೋಪಿ ಮತ್ತು ಮೂರು ಗುಂಪು

ಭಾವುಸಾಹೇಬ ಮಾಸ್ತರರ ಜಪಾನಿ ಪಾಠ ಶುರುವಾದದ್ದೇ ಅವರ ಟೋಪಿ ಚಹಾಕ್ಕೆ ಬೀಳುವುದರೊಂದಿಗೆ. ನಿಪ್ಪಾಣಿಯ ತಂಬಾಕಿನ ಗೋದಾಮಿನ ಮೇಲಿನ ಕೋಣೆಯಲ್ಲಿ, ಜಪಾನಿಗೆ ದುಡಿಯಲು ಹೋಗುವವರ ವರ್ಗದ ಮೊದಲ ದಿನ, ಜಪಾನಿನವರಂತೆ ನಡು ಬಗ್ಗಿಸಿ ವಂದಿಸಿದಾಗ ಬಿಳಿ ಟೋಪಿ ನೇರ ಚಹಾದ ಬಶಿಗೆ ಇಳಿಯಿತು. ಅಂದಿನಿಂದ ಅವರು ಎಡಗೈಯಿಂದ ನೆತ್ತಿ ಒತ್ತಿಕೊಂಡೇ ಬಾಗುತ್ತಾರೆ.

ನಿವೃತ್ತ ಸಂಸ್ಕೃತ ಮಾಸ್ತರರು, ಸುಡುಬೇಸಿಗೆಯಲ್ಲೂ ಕರಿಕೋಟು. ಕ್ರಿಯಾಪದಗಳ ಸ್ವಭಾವವನ್ನು ಬೀಗರ ಸ್ವಭಾವದಂತೆ ವರ್ಣಿಸುತ್ತಾರೆ.

“ಮೊದಲನೇ ಗುಂಪು ಬಾಲ ತಿರುವತೈತಿ. ‘ಇಕು’ ಅಂದ್ರ ಹೋಗು. ಮರ್ಯಾದಿಲೆ ಅಂದ್ರ ‘ಇಕಿಮಸು’. ಎರಡನೇದು ಬಡಪಾಯಿ. ‘ತಬೆರು’, ತಿನ್ನು, ‘ರು’ ಕಿತ್ತು ‘ಮಸು’ ಹಚ್ರಿ, ತಕರಾರಿಲ್ಲ. ಮೂರನೇದ್ರಾಗ ಇಬ್ಬರ, ‘ಸುರು’, ‘ಕುರು’. ಮಾಡು, ಬಾ. ಯಾರ ಮಾತೂ ಕೇಳೂದಿಲ್ಲ, ಬಾಯಿಪಾಠ ಮಾಡ್ರಿ.”

ಅವರ ಇನ್ನೊಂದು ಹಟ ಊಟದ್ದು. ಜೈನ ಮನೆತನ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಕ್ರಿಯಾಪದ ಅರ್ಧಕ್ಕೇ ನಿಂತಿರಲಿ, ಬಿಸಿಲು ಕಿಟಕಿ ಬಿಟ್ಟಿತೆಂದರೆ ಚೀಲ ಎತ್ತಿ, ತುಸು ಓಲಾಡುವ ತಮ್ಮ ನಡಿಗೆಯಲ್ಲಿ, ಪತ್ನಿ ತಾರಾಬಾಯಿ ಹಚ್ಚಿಟ್ಟ ತಾಟಿನ ಕಡೆ ಹೊರಟುಬಿಡುತ್ತಾರೆ.

ವರ್ಗದಲ್ಲಿದ್ದ ರಾಯಬಾಗದ ಉಜ್ವಲಾಗೆ ಜಪಾನಿನ ವೃದ್ಧಾಶ್ರಮವೊಂದರಲ್ಲಿ ಶುಶ್ರೂಷಕಿಯ ಕೆಲಸ ಬೇಕಿತ್ತು. ಈ ಸಲ ಆಗದಿದ್ದರೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸಂದರ್ಶನದ ದಿನ, ಪುಣೆಯಲ್ಲಿದ್ದ ಜಪಾನಿ ಮೇಡಂ ಫೋನಿನ ಪರದೆಯಲ್ಲಿ ಬರಬೇಕಾದವರು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬಿಸಿಲು ಕಿಟಕಿ ಬಿಟ್ಟಿತು. ಮಾಸ್ತರರು ಚೀಲ ಎತ್ತಿದರು, ಹುಡುಗಿಯ ಮುಖ ನೋಡಿದರು, ಚೀಲ ಇಳಿಸಿದರು.

ಕಡೆಗೂ ಮೇಡಂ ಕಾಣಿಸಿಕೊಂಡಾಗ ಉಜ್ವಲಾ ಎಡಗೈಯಿಂದ ಬರಿ ನೆತ್ತಿ ಒತ್ತಿಕೊಂಡು ಬಾಗಿದಳು. ಅದೂ ಜಪಾನಿನ ಪದ್ಧತಿಯೆಂದೇ ವರ್ಗದವರೆಲ್ಲ ನಂಬಿದ್ದರು. ತಲೆನೋವೇ ಎಂದು ಮೇಡಂ ಕೇಳಿದರು. ಅಲ್ಲ, ನಮ್ಮ ಗುರುಗಳು ಹೀಗೆಯೇ ಬಾಗುತ್ತಾರೆ ಎಂದು ಇವಳು ತನ್ನ ತೊದಲು ಜಪಾನಿಯಲ್ಲಿ ಹೇಳಿದಳು. ಮೇಡಂ ನಗುತ್ತಲೇ ಕೊನೆಯ ಪ್ರಶ್ನೆ ಎಸೆದರು: ಕರಾರು ಮುಗಿದ ಮೇಲೆ ಏನು ಮಾಡುತ್ತೀ?

ತಿರುಗಿ ಬರುವೆ ಎನ್ನಬೇಕು. ‘ಕಯೆರು’, ಎರಡನೇ ಗುಂಪಿನ ವೇಷ ಹಾಕಿದ ಮೊದಲನೇ ಗುಂಪಿನ ಕಳ್ಳ, ‘ರು’ ಕಿತ್ತರೆ ಕೆಟ್ಟಿತು. ಫೋನಿನ ಹಿಂದೆ ನಿಂತಿದ್ದ ಮಾಸ್ತರರು ಟೋಪಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಉಜ್ವಲಾ ತುಸು ತಡೆದು, “ಕಯೆರಿಮಸು” ಎಂದಳು. ಮೇಡಂ ತಲೆಯಾಡಿಸಿ, ಹಾಗಾದರೆ ಜಪಾನಿಗೆ ಬಾ ಎಂದರು.

ಹೊರಗೆ ಬೀದಿದೀಪಗಳು ಹತ್ತಿದ್ದವು. ಇನ್ನು ನಾಳೆ ಹೊತ್ತೇರುವವರೆಗೆ ಮಾಸ್ತರರಿಗೆ ಉಪವಾಸವೇ. ಉಜ್ವಲಾ ಅವರ ಚೀಲ ಎತ್ತಿಕೊಟ್ಟಳು.

“ನನ್ನ ಸಲುವಾಗಿ ಉಪವಾಸ ಉಳದ್ರೇನ್ರಿ ಸರ್?”

ಪರದೇಶದ ಆಸೆ ತೋರಿಸಿ ಟೋಪಿ ಹಾಕುವವರು ಬೇಕಾದಷ್ಟಿದ್ದಾರೆ. ತಮ್ಮ ಟೋಪಿ ಹಿಡಿದುಕೊಂಡು ಮಂದಿಯನ್ನು ದಾಟಿಸುವವರು ವಿರಳ. ಈ ವಿರಳರಿಗೆ ಕೃತಜ್ಞತೆಯೆಂದರೆ ಎರಡನೇ ಗುಂಪಿನ ಬಾಲವಿದ್ದಂತೆ, ಕಂಡಲ್ಲಿ ಕಿತ್ತೊಗೆಯುತ್ತಾರೆ.

“ನಿನ್ನ ಸಲುವಾಗಿ ಅಲ್ಲವ್ವಾ,” ಎಂದರು ಮಾಸ್ತರರು, ಚೀಲ ಹೆಗಲಿಗೇರಿಸುತ್ತ. “ಮನ್ಯಾಗ ಇವತ್ತ ಹಾಗಲಕಾಯಿ ಪಲ್ಯೆ.”