ಕಂಬಳಿಯ ಸೀನು

ನಮ್ಮ ಘನಂದಾರಿ ನಿರ್ದೇಶಕರು ಮನೆಯಿಲ್ಲದವರ ಬಗ್ಗೆ ಸಿನಿಮಾ ತೆಗೆಯುತ್ತಿದ್ದರು. ಶೂಟಿಂಗ್ ಒಂದು ಸೇತುವೆಯ ಕೆಳಗೆ. ಅಲ್ಲೇ ವಾಸವಿದ್ದ ಅಜ್ಜಿ ಮಾತ್ರ ಅವರಿಗೆ ಹಿಡಿಸಲಿಲ್ಲ. ತಲೆ ಬಾಚಿಕೊಂಡು, ಜಾಗ ಗುಡಿಸಿಕೊಂಡು ಕೂತಿದ್ದಳು.

“ಮುಖದಲ್ಲಿ ನೋವೇ ಇಲ್ವಲ್ರೀ! ಆಚೆ ಕಳಿಸಿ. ತೇಪೆ ಹಾಕಿರೋ ಆ ಕಂಬಳಿ ಇರ್ಲಿ, ಚೆನ್ನಾಗಿದೆ.”

ನಾನು ಮೇಕಪ್‌ನವನು. ತಿಂದುಂಡು ಕೊಬ್ಬಿದ ನಾಯಕನ ಕೆನ್ನೆಗೆ ಮಸಿ ಬಳಿದು ನೋವು ಬರಿಸಿದೆ. ಅವನು ಅಜ್ಜಿಯ ಕಂಬಳಿ ಹೊದ್ದು ಗೊಳೋ ಎಂದು ಅತ್ತ. ನಿರ್ದೇಶಕರೂ ಬಿಕ್ಕಿದರು.

ಆ ದಿನದ ಕೆಲಸ ಮುಗಿದದ್ದೇ ಸೆಟ್ಟಿನವರು ಕಂಬಳಿಯನ್ನೂ ಸಾಮಾನಿನ ಜೊತೆ ವ್ಯಾನಿಗೆ ತುಂಬಿದರು. ಅಜ್ಜಿ ಓಡಿಬಂದಳು.

“ಅದು ನಂದಪ್ಪಾ, ಚಳಿ ಆಗ್ತಿದೆ, ಕೊಡಿ.”

ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಲೇ ಗದರಿದರು.

“ಮುಟ್ಬೇಡಜ್ಜಿ! ನಾಳೆ ಅದನ್ನ ಹೊದ್ಕೊಂಡು ಹೀರೋ ಚಳಿಗೆ ಸಾಯ್ಬೇಕು.”