ಸುವಾರ್ತಮ್ಮನ ಜರ್ಮನ್ ಪಿಂಚಣಿ ಮತ್ತು ನಾನು

ನಾನು ಕಂದು ಬಣ್ಣದ ತೊಗಲಿನ ಕೈಚೀಲ. ಜರ್ಮನಿಯ ಆಫನ್‌ಬಾಖ್ ಊರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ನನ್ನನ್ನು ಹೊಲಿದವನು ಹಿಡಿಕೆಯನ್ನು ಒಮ್ಮೆ ಜೋರಾಗಿ ಜಗ್ಗಿ ನೋಡಿ, ತೃಪ್ತಿಯಿಂದ ಕಪಾಟಿಗೆ ಏರಿಸಿದ.

ನನ್ನನ್ನು ಕೊಂಡವಳು ಸ್ಟುಟ್‌ಗಾರ್ಟಿನ ಆಸ್ಪತ್ರೆಯೊಂದರ ಹಿರಿಯ ನರ್ಸ್ ಹಿಲ್ಡೆಗಾರ್ಡ್. ಅವಳ ಕೈಕೆಳಗೆ ಗದಗ-ಬೆಟಗೇರಿಯ ಸುವಾರ್ತಾ ಹೊಸಮನಿ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಚಳಿಗೆ ಕೈ ಬಿರಿದು ರಕ್ತ ಒಸರಿದರೂ ರೋಗಿಗಳ ಹಾಸಿಗೆ ಬದಲಿಸದೆ ಮನೆಗೆ ಹೋದವಳಲ್ಲ. ನಿವೃತ್ತಳಾದ ದಿನ ಹಿಲ್ಡೆಗಾರ್ಡ್ ನನ್ನೊಳಗಿನದನ್ನೆಲ್ಲ ಮೇಜಿನ ಮೇಲೆ ಸುರಿದು, ನನ್ನನ್ನು ಆ ಹುಡುಗಿಯ ಕೈಗಿತ್ತಳು.

ವರ್ಷಗಳು ಕಳೆದು ಸುವಾರ್ತಾ ಸುವಾರ್ತಮ್ಮನಾದರು. ಕೂದಲು ನರೆಯುವ ಹೊತ್ತಿಗೆ ಹುಬ್ಬಳ್ಳಿ ಮೂಲದ ಎಫ್ರಾಯಿಮ್ ಅಂಗಡಿ ಎಂಬವರನ್ನು ಮದುವೆಯಾದರು. ಅವರು ಅಮೆರಿಕದ ಕೊಲಂಬಸ್‌ನಲ್ಲಿ ಬಸ್ ರಿಪೇರಿ ಮಾಡುತ್ತಿದ್ದವರು. ಹೀಗೆ ನಾನೂ ಸಮುದ್ರ ದಾಟಿದೆ.

ಮುಪ್ಪಿನಲ್ಲಿ ಎಫ್ರಾಯಿಮರಿಗೆ ಅಮೆರಿಕದ ಸರ್ಕಾರಿ ಪಿಂಚಣಿಯಾದ ಸೋಶಿಯಲ್ ಸೆಕ್ಯುರಿಟಿ ಬಂತು, ಸುವಾರ್ತಮ್ಮನಿಗೆ ಜರ್ಮನಿಯ ಪಿಂಚಣಿ. ಬೇರೆ ಸರ್ಕಾರ ಕೊಡುವುದನ್ನು ಇಲ್ಲಿನ ತೆರಿಗೆ ಲೆಕ್ಕದಲ್ಲಿ ತೋರಿಸಬೇಕಿಲ್ಲವೆಂದು ಚರ್ಚಿನ ಪರಿಚಿತರೊಬ್ಬರು ಹೇಳಿದರು. ಎಫ್ರಾಯಿಮ್ ನಂಬಿದರು. ಗಂಡ ಹೆಂಡತಿ ಸೇರಿ ಸಲ್ಲಿಸುವ ಲೆಕ್ಕದಲ್ಲಿ ಅದನ್ನು ಬಿಟ್ಟೇಬಿಟ್ಟರು. ಪಿಂಚಣಿಯ ಕಾಗದಗಳು ನನ್ನ ಒಳಜೇಬು ಸೇರಿದವು.

ಆಮೇಲೆ ಸುವಾರ್ತಮ್ಮ ಲೈಬ್ರರಿಯ ಗೋಡೆಯ ಮೇಲೆ ಒಂದು ಪ್ರಕಟಣೆ ಓದಿದರು: ಇಲ್ಲಿ ನೆಲೆಸಿದವರು ಯಾವ ದೇಶದಿಂದ ಬಂದ ಆದಾಯವನ್ನೂ ತಿಳಿಸಬೇಕು. ಅಂದಿನಿಂದ ಅಂಚೆಯ ಗಾಡಿ ಬಾಗಿಲಲ್ಲಿ ನಿಂತರೆ ಸಾಕು, ತೆರಿಗೆಯವರ ಕಾಗದವೇನೋ ಎಂದು ಅವರ ಬೆರಳುಗಳು ನನ್ನ ಹಿಡಿಕೆಯ ಮೇಲೆ ಬಿಗಿಯುತ್ತಿದ್ದವು. ಕೊನೆಗೆ ಊಟದ ಮೇಜಿನಲ್ಲಿ ಮಾತು ತೆಗೆದರು.

"ಇಷ್ಟ ವರ್ಷ ಸುಮ್ನಿದ್ದು ಈಗ ಹೇಳಿದ್ರ ಹಿಡದ ಕೇಳ್ತಾರ. ಈ ವಯಸ್ಸಿನ್ಯಾಗ ಬ್ಯಾಡ," ಎಂದರು ಎಫ್ರಾಯಿಮ್.

"ರಾತ್ರಿ ಪಾಳಿ ಮಾಡಿ ದುಡದದ್ದರೀ ಇದು. ಕದ್ದ ಮಾಲಿನಂಗ ಯಾಕ ಮುಚ್ಚಿಡೂದು?"

ಎಫ್ರಾಯಿಮ್ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮರುದಿನ ಸುವಾರ್ತಮ್ಮ ನನ್ನನ್ನು ಹೆಗಲಿಗೇರಿಸಿ ಒಬ್ಬರೇ ಲೈಬ್ರರಿಗೆ ನಡೆದರು. ತೆರಿಗೆ ಲೆಕ್ಕ ಸಲ್ಲಿಸುವ ಕಾಲದಲ್ಲಿ ಅಲ್ಲಿ ಹಿರಿಯರಿಗೆ ಪುಕ್ಕಟೆಯಾಗಿ ಲೆಕ್ಕ ಮಾಡಿಕೊಡುತ್ತಿದ್ದರು. ಅವರಲ್ಲೊಬ್ಬರಾದ ನಿವೃತ್ತ ಗಣಿತ ಶಿಕ್ಷಕಿ ಡೋರೀನ್ ಕಾಗದಗಳನ್ನು ನಿಧಾನವಾಗಿ ನೋಡಿ ವಿವರಿಸಿದರು. ಎರಡು ದೇಶಗಳ ಒಪ್ಪಂದದಂತೆ, ಇಲ್ಲಿ ನೆಲೆಸಿದವರ ಈ ಪಿಂಚಣಿಗೆ ಅಮೆರಿಕ ಮಾತ್ರ ತೆರಿಗೆ ಹಾಕಬಹುದು. ಅದನ್ನೂ ತನ್ನದೇ ಸೋಶಿಯಲ್ ಸೆಕ್ಯುರಿಟಿಯಂತೆ ಕಾಣಬೇಕು. ಆದ್ದರಿಂದ ಡಾಲರಿಗೆ ಬದಲಿಸಿ, ಗಂಡನ ಹಣದ ಜೊತೆ ಒಂದೇ ಸಾಲಿನಲ್ಲಿ ಬರೆದರಾಯಿತು. ಪೂರ್ತಿ ಹಣಕ್ಕೆ ತೆರಿಗೆ ಬೀಳುವುದಿಲ್ಲ, ಒಂದು ಪಾಲಿಗೆ ವಿನಾಯಿತಿ ಇದೆ. ಹಿಂದಿನ ವರ್ಷಗಳನ್ನು ತಿದ್ದಿ ಸಲ್ಲಿಸಬಹುದು, ಬಡ್ಡಿ ಬಂದರೆ ಕಟ್ಟಬೇಕು. ಆದರೆ ಇಬ್ಬರೂ ಸಹಿ ಹಾಕಲೇಬೇಕು.

ಮನೆಯಲ್ಲಿ ಸುವಾರ್ತಮ್ಮ ಇದನ್ನೆಲ್ಲ ಹೇಳಿದರು, ಒತ್ತಾಯ ಮಾಡಲಿಲ್ಲ. ಮುಂದಿನ ಸಲ ಲೈಬ್ರರಿಗೆ ಹೋದಾಗ ನಾನು ಮೇಜಿನ ಕೆಳಗೆ, ಸುವಾರ್ತಮ್ಮನ ಕಾಲ ಬಳಿ ಕೂತಿದ್ದೆ. ಪಾಲಿಷ್ ಹಚ್ಚಿದ ಎರಡು ಬೂಟು ಬಂದು ನನ್ನ ಪಕ್ಕ ನಿಂತವು.

"ನನಗ ಅಂಜಿಕಿ ಐತಿ," ಎಂದರು ಎಫ್ರಾಯಿಮ್. "ಆದ್ರ ನೀ ಒಬ್ಬಾಕಿನ ಅಂಜೂದು ಬ್ಯಾಡ. ಸಹಿ ಎಲ್ಲಿ ಮಾಡ್ಲಿ?"

ತಿದ್ದಿದ ಲೆಕ್ಕ ತೆರಿಗೆ ಇಲಾಖೆಗೆ ಹೋಯಿತು. ಸ್ವಲ್ಪ ತೆರಿಗೆ, ಸ್ವಲ್ಪ ಬಡ್ಡಿ ಕಟ್ಟಿದರು. ಯಾರೂ ಮನೆಗೆ ಬಂದು ಹಿಡಿದು ಕೇಳಲಿಲ್ಲ. ಅಂದು ಎಫ್ರಾಯಿಮ್ ತಾವೇ ರೊಟ್ಟಿ ಬಡಿದರು, ಒಂದೂ ದುಂಡಗಾಗಲಿಲ್ಲ. ಸುವಾರ್ತಮ್ಮ ನಕ್ಕದ್ದನ್ನು ನಾನು ಬಹಳ ದಿನಗಳ ಮೇಲೆ ಕೇಳಿದೆ.

ಡೋರೀನ್ ಕರೆದರೆಂದು ಸುವಾರ್ತಮ್ಮ ತರಬೇತಿ ಪಡೆದು ಈಗ ಆ ಮೇಜಿನ ಆಚೆ ಬದಿಯಲ್ಲಿ, ಲೆಕ್ಕ ಮಾಡಿಕೊಡುವವರ ಜೊತೆ ಕೂರುತ್ತಾರೆ. ನನ್ನ ಹಿಡಿಕೆ ಕಿತ್ತುಹೋಗಿದೆ, ಹೊಲಿಗೆ ಸಡಿಲಾಗಿದೆ. ಓದುವ ಕನ್ನಡಕ ಮರೆತು ಬಂದವರಿಗೆಂದು ನನ್ನೊಳಗೆ ಹಳೆಯ ಕನ್ನಡಕಗಳನ್ನು ತುಂಬಿಟ್ಟು, ಮೇಜಿನ ಮೂಲೆಯಲ್ಲಿ ಕೂರಿಸಿದ್ದಾರೆ. ಹೆದರಿ ಬಂದವರ ಕೈ ನನ್ನೊಳಗೆ ಇಳಿದು ತಡಕಾಡುವಾಗ ಅದರ ಅಂಜಿಕೆ ನನಗೆ ಗೊತ್ತಾಗುತ್ತದೆ. ಹೋಗುವಾಗ ಕನ್ನಡಕ ಹಿಂದಿಡುವ ಆ ಕೈ ಹಗುರಾಗಿರುತ್ತದೆ. ಮುಪ್ಪಿನಲ್ಲಿ ಒಂದು ಚೀಲಕ್ಕೆ ಇಷ್ಟು ಸಾಕು.

ನಿನ್ನೆ ಒಬ್ಬ ಮುದುಕ ಕೆನಡಾದ ಪಿಂಚಣಿ ಕಾಗದವನ್ನು ಕೋಟಿನೊಳಗೆ ಅವುಚಿಕೊಂಡು ಬಾಗಿಲಲ್ಲೇ ನಿಂತಿದ್ದ. ಸುವಾರ್ತಮ್ಮ ತಲೆಯೆತ್ತಿ, ಯಾವ ದೇಶದಲ್ಲಿದ್ದೇನೆಂಬುದನ್ನೇ ಮರೆತು, "ಬರ್ರಿ, ಕೂಡ್ರಿ," ಎಂದರು.

ಅವನಿಗೆ ಆ ಭಾಷೆ ತಿಳಿಯದು. ಆದರೂ ಬಂದು ಕೂತ.