ಸೋಪು ಹಾಕಿದ ಬಾತುಕೋಳಿ

"ಇಲ್ಲಿ ಬಾರೇ, ಬಟ್ಟೆ ಕೆಳಗೆ ಏನೋ ಕೂತಿದೆ!"

ಅತ್ತೆ ಹಿತ್ತಲಿನಿಂದ ಕೂಗಿದಾಗ ಅವಳು ಬ್ರಷ್ಷಿಗೆ ಪೇಸ್ಟು ಹಚ್ಚಿಕೊಂಡು ಎಷ್ಟೋ ಹೊತ್ತಿನಿಂದ ಸುಮ್ಮನೆ ನಿಂತಿದ್ದಳು. ಗಂಡನ ಅಂತ್ಯಸಂಸ್ಕಾರ ಮುಗಿದು ನಾಲ್ಕು ದಿನವಾಗಿತ್ತು. ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಹೊರಟುಹೋಗಿದ್ದರು. ಇವತ್ತು ಯಾರ ಮುಂದೆಯೂ ಕೂರಬೇಕಿರಲಿಲ್ಲ, ಮೂರೇ ದಿನದ ಜ್ವರ ಎಂದು ಯಾರಿಗೂ ಮೊದಲಿನಿಂದ ಹೇಳಬೇಕಿರಲಿಲ್ಲ. ಕಾಲೇಜಿನ ರಜೆ ಇನ್ನೂ ಐದು ದಿನವಿತ್ತು.

ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಬೆಳಗಾಗೆದ್ದು ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದು ಹಾಕಿದ್ದರು. ನೆಂಟರು ಹೊದ್ದ ರಗ್ಗುಗಳು, ಟವೆಲುಗಳು, ದಿಂಬಿನ ಚೀಲಗಳು. ಆಚೆಯ ತಂತಿಯಲ್ಲಿ ಅವನ ಹನ್ನೊಂದು ಅಂಗಿಗಳು ತಲೆಕೆಳಗಾಗಿ ತೂಗುತ್ತಿದ್ದವು. ಬಿಸಿಲಿರಲಿಲ್ಲ.

"ಅವನ್ನ ಯಾಕೆ ಒಗೆದ್ರಿ?"

"ಕೊಳೆಯಾಗಿತ್ತು, ಒಗೆದೆ. ಇನ್ನೇನು ಮಾಡ್ಲಿ ನಾನು?" ಎಂದರು ಅತ್ತೆ. "ಅದಿರ್ಲಿ, ಇದೇನು ನೋಡು. ಹಂಸವೋ ಏನೋ."

ರಗ್ಗಿನ ನೆರಳಲ್ಲಿ, ಮೈತುಂಬ ಚರಂಡಿಯ ಕೆಸರು ಮೆತ್ತಿಕೊಂಡು ಒಂದು ಹಕ್ಕಿ ಕೂತಿತ್ತು. ಚಪ್ಪಟೆ ಕೊಕ್ಕು, ಕಾಲ್ಬೆರಳುಗಳ ನಡುವೆ ಪೊರೆ. ಅವಳು ಬಗ್ಗಿದ್ದೇ ತಡ, ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡಿತು.

"ಬಾತುಕೋಳಿ ಅತ್ತೆ."

"ಕೊರಳು ನೋಡಿದ್ರೆ ಹಂಸದ ಹಾಗಿದೆ. ಹೋಗ್ಲಿ, ಓದಿದವಳು ನೀನು. ನೀನು ಹೇಳಿದ್ದೇ ಸರಿ."

ಕೈಗೊಂದು ಕೆಲಸ ಸಿಕ್ಕಿತ್ತು. ಅವಳು ಅದನ್ನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಕೂರಿಸಿ, ಅತ್ತೆಯ ಬಟ್ಟೆ ಸೋಪನ್ನೇ ತೆಗೆದುಕೊಂಡು ತಲೆಯಿಂದ ಬಾಲದವರೆಗೂ ಉಜ್ಜಿದಳು. ಕಪ್ಪು ನೀರು ಹರಿಯಿತು, ಆಮೇಲೆ ಬೂದಿ ಬಣ್ಣದ್ದು, ಆಮೇಲೆ ತಿಳಿ. ಅಚ್ಚ ಬಿಳಿಯ ಬಾತುಕೋಳಿ. ನಾಲ್ಕು ದಿನದಲ್ಲಿ ಅವಳು ಶುರು ಮಾಡಿ ಮುಗಿಸಿದ ಮೊದಲ ಕೆಲಸ ಅದು. ಖುಷಿಯಾಗಲೆಂದು ದೊಡ್ಡ ಟಬ್ಬಿನಲ್ಲಿ ತಣ್ಣೀರು ತುಂಬಿಸಿ ಬಿಟ್ಟಳು.

ಬಾತು ತೇಲಲಿಲ್ಲ. ಒದ್ದೆ ಹತ್ತಿಯ ಹಾಗೆ ನೀರು ಕುಡಿಯುತ್ತ ಕೊರಳವರೆಗೂ ಇಳಿಯಿತು. ಅವಳು ಗಾಬರಿಯಾಗಿ ಎತ್ತಿದಾಗ ಗರಿಗಳು ಚರ್ಮಕ್ಕೆ ಅಂಟಿಕೊಂಡಿದ್ದವು, ಮೈ ನಡುಗುತ್ತಿತ್ತು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಫೋನಿನಲ್ಲಿ ಸಮಾಧಾನವಾಗಿಯೇ ಕೇಳಿದರು. "ಬಾಲದ ಮೇಲೆ ಸುರುಳಿ ಗರಿ ಇದೆಯಾ?"

"ಇಲ್ಲ."

"ಕೂಗಿದ್ರೆ?"

"ಬೀದಿಗೇ ಕೇಳತ್ತೆ."

"ಹಾಗಾದ್ರೆ ಹೆಣ್ಣು. ಗಂಡು ಬಾತಿಗೆ ಗಂಟಲಿರಲ್ಲ, ಗೊರಗೊರ ಅನ್ನತ್ತೆ ಅಷ್ಟೆ. ಬಣ್ಣ?"

"ಬಿಳಿ. ಈಗ."

"ಈಗ ಅಂದ್ರೆ?"

"ತೊಳೆದೆ. ಸೋಪು ಹಾಕಿ."

"ಅದರ ಗರಿಯಲ್ಲಿ ಎಣ್ಣೆ ಇರತ್ತಮ್ಮ. ಅದರಿಂದಲೇ ತೇಲೋದು, ಬೆಚ್ಚಗಿರೋದು. ಒಂದು ಬಕೆಟ್ ನೀರು ಇಟ್ಟಿದ್ರೆ ಕೆಸರನ್ನ ಅದೇ ತೊಳೆದುಕೊಳ್ತಿತ್ತು. ನೀವು ಏನ್ ಕೆಲಸ ಮಾಡ್ತೀರ?"

"ಕೆಮಿಸ್ಟ್ರಿ ಪಾಠ," ಎಂದಳು. ಸೋಪು ಎಣ್ಣೆಯನ್ನು ಹೇಗೆ ಬಿಡಿಸುತ್ತದೆ ಎಂದು ಅವಳು ವರ್ಷಕ್ಕೆ ಎರಡು ಸಲ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುತ್ತಿದ್ದಳು.

ಡಾಕ್ಟರಮ್ಮ ನಗಲಿಲ್ಲ. "ಬಿಳಿ ಅಂದ್ರೆ ಸಾಕಿದ್ದು. ಹಾರೋಕೆ ಬರಲ್ಲ. ಯಾರೋ ಬೇಡ ಅಂತ ಬಿಟ್ಟುಹೋಗಿದ್ದಾರೆ. ಮೊದಲು ಒರೆಸಿ, ದಪ್ಪಗೆ ಏನಾದ್ರೂ ಸುತ್ತಿ. ಇವತ್ತೊಂದು ದಿನ ಶೀತ ಹಿಡೀಲಿಲ್ಲ ಅಂದ್ರೆ ಉಳಿಯತ್ತೆ. ಹಿಡಿದ್ರೆ ಸಂಜೆ ತನಕ ಉಳಿಯೋದೂ ಕಷ್ಟ."

ದಪ್ಪಗಿದ್ದುದೆಲ್ಲ ಹಿತ್ತಲಲ್ಲಿ ನೀರು ಸೋರುತ್ತಿತ್ತು. ಅಲಮಾರಿಯಿಂದ ಎರಡು ಸೀರೆ ತೆಗೆದು ಸುತ್ತಿದಳು. ಎರಡೂ ತೊಯ್ದವು, ನಡುಕ ನಿಲ್ಲಲಿಲ್ಲ. ಬಾತು ಈಗ ಕೂಗುವುದನ್ನೂ ಬಿಟ್ಟಿತ್ತು.

ಕೋಣೆಯ ಬಾಗಿಲ ಹಿಂದೆ ಕೋಟು ಇತ್ತು.

ಅದು ಗಂಡ ಕೆಲಸ ಮಾಡುತ್ತಿದ್ದ ಕೋಲ್ಡ್ ಸ್ಟೋರೇಜಿನ ಕೋಟು, ರಗ್ಗಿನಷ್ಟು ದಪ್ಪ. ಅದು ಅವನದಲ್ಲ. ಅವನ ಕೋಟಿನ ಜಿಪ್ಪು ಕಿತ್ತುಹೋಗಿ, ಎಲ್ಲರೂ ಕುಳ್ಳ ಎಂದೇ ಕರೆಯುವ ಗೆಳೆಯನದನ್ನು ಒಂದು ಪಾಳಿಗೆಂದು ಕೇಳಿ ತಂದಿದ್ದ. ಅದನ್ನು ಹಾಕಿಕೊಂಡೇ ಮನೆಗೆ ಬಂದ, ತೆಗೆದು ಮೊಳೆಗೆ ನೇತುಹಾಕಿದ, ಜ್ವರ ಎಂದು ಮಲಗಿದ. ಇನ್ನೊಬ್ಬರ ವಸ್ತು ಹಾಳಾದೀತೆಂದು ಅತ್ತೆ ಅದೊಂದನ್ನು ಒಗೆದಿರಲಿಲ್ಲ. ಅಂತ್ಯಸಂಸ್ಕಾರದ ದಿನ ಕುಳ್ಳ ಎರಡು ಸ್ವೆಟರು ಹಾಕಿಕೊಂಡು ಕೆಮ್ಮುತ್ತ ನಿಂತಿದ್ದ. ಕೋಟಿನ ಮಾತೆತ್ತಲಿಲ್ಲ. ಅವಳೂ ಎತ್ತಲಿಲ್ಲ. ದಿನಕ್ಕೆ ಎರಡು ಮೂರು ಸಲ ಬಾಗಿಲು ಹಾಕಿಕೊಂಡು ಅದರ ಕಾಲರಿಗೆ ಮುಖ ಒತ್ತಿ ನಿಲ್ಲುತ್ತಿದ್ದಳು. ಮನೆಯಲ್ಲಿ ಅವನ ವಾಸನೆ ಉಳಿದಿದ್ದುದು ಅಲ್ಲಿ ಮಾತ್ರ.

ಅವಳು ಕೈಚಾಚಿದಾಗ ಬೆನ್ನ ಹಿಂದಿನಿಂದ ಅತ್ತೆ ಹೇಳಿದರು, "ಬೇಡ ಕಣೇ."

ಅವಳು ತಿರುಗಿದಳು.

"ಅದನ್ನಾದ್ರೂ ಬಿಡು," ಎಂದರು ಅತ್ತೆ. "ಬಾತು ಗಲೀಜು ಮಾಡತ್ತೆ. ಆಮೇಲೆ ಒಗೀಲೇಬೇಕಾಗತ್ತೆ. ನೀನು ಸ್ನಾನಕ್ಕೆ ಹೋದಾಗ ನಾನೂ ಬಂದು ನಿಂತ್ಕೋತೀನಿ ಅಲ್ಲಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳ ತೋಳಿನಲ್ಲಿ ಬಾತಿನ ಕೊರಳು ನಿಧಾನವಾಗಿ ಬಾಗಿ, ಕೊಕ್ಕು ಮೊಣಕೈಯ ಮೇಲೆ ಒರಗಿತು.

"ಅಂಗಿ ಒಗೆಯೋವಾಗ ನಂಗೆ ಹೊಳೀಲೇ ಇಲ್ಲ ನೋಡು," ಎಂದರು ಅತ್ತೆ. ಮೊಳೆಯಿಂದ ಕೋಟು ತೆಗೆದು, ನೆಲದ ಮೇಲೆ ಕಾಲು ಚಾಚಿ ಕೂತು, ಜಿಪ್ಪು ಬಿಚ್ಚಿ ಅದನ್ನು ತೊಡೆಯ ಮೇಲೆ ಹರಡಿದರು. "ಕೊಡು ಇಲ್ಲಿ."

ಸಂಜೆಯವರೆಗೂ ಅತ್ತೆ ಕೂತಲ್ಲಿಂದ ಏಳಲಿಲ್ಲ. ಅವಳು ಬಟಾಣಿ ಬೇಯಿಸಿ, ಹಿಸುಕಿ, ಒಂದೊಂದಾಗಿ ಕೊಕ್ಕಿಗಿಟ್ಟಳು. ನಾಲ್ಕು ಗಂಟೆಗೆ ಬಾತು ಒಂದನ್ನು ನುಂಗಿತು. ಐದಕ್ಕೆ ಕೋಟಿನ ಒಳಗೆಲ್ಲ ಗಲೀಜು ಮಾಡಿ, ಕೂಗಿತು.

"ಗಂಟಲು ನೋಡು ಇದರದ್ದು," ಎಂದರು ಅತ್ತೆ. "ನನ್ನ ಓರಗಿತ್ತಿ ಹಾಗೆ."

ಕೋಟನ್ನು ಅವಳೇ ಒಗೆದಳು. ಎರಡು ಸಲ ಒಗೆಯಬೇಕಾಯಿತು. ಒಣಗಲು ಮೂರು ದಿನ ಹಿಡಿಯಿತು, ಮಡಿಸಿ ಚೀಲಕ್ಕೆ ಹಾಕಿದ ಮೇಲೂ ಅದು ವಾರಕ್ಕೂ ಹೆಚ್ಚು ಕುರ್ಚಿಯ ಮೇಲೆ ಕೂತಿತ್ತು. ಬಾತಿಗೆ ಅಕ್ಕಿ, ಹೆಚ್ಚಿದ ಸೊಪ್ಪು, ಕೊಕ್ಕು ಮುಳುಗುವಷ್ಟು ಮಾತ್ರ ನೀರು. ದಿನವಿಡೀ ಅದು ಬಾಲದ ಬುಡಕ್ಕೆ ಕೊಕ್ಕು ಒತ್ತಿ, ಅಲ್ಲಿಯ ಎಣ್ಣೆಯನ್ನು ಮೈಯೆಲ್ಲ ಸವರಿಕೊಳ್ಳುತ್ತಿತ್ತು. ಅತ್ತೆ ಊರಿಗೆ ಹೊರಡುವ ಮಾತನ್ನು ಎರಡು ಸಲ ತೆಗೆದು ಎರಡು ಸಲವೂ ಮುಂದಕ್ಕೆ ಹಾಕಿದರು. ಮೂರನೆಯ ವಾರ ಒಂದು ಬೆಳಿಗ್ಗೆ ಅವಳು ಅದರ ಬೆನ್ನಿಗೆ ನೀರು ಚಿಮುಕಿಸಿದಾಗ, ಹನಿಗಳು ಒಳಗೆ ಇಳಿಯದೆ ದುಂಡಗೆ ನಿಂತು ಉರುಳಿಹೋದವು. ಅವಳು ಚೀಲ ಎತ್ತಿಕೊಂಡು ಹೊರಟಳು.

ಕೋಲ್ಡ್ ಸ್ಟೋರೇಜಿನ ಮುಂದೆ ಲಾರಿಗೆ ಪೆಟ್ಟಿಗೆ ತುಂಬುತ್ತಿದ್ದರು. ಕುಳ್ಳ ಪೆಟ್ಟಿಗೆ ಎತ್ತುವ ಗಾಡಿ ನಿಲ್ಲಿಸಿ ಇಳಿದು ಬಂದ. ಸ್ವೆಟರುಗಳು ಎರಡರಿಂದ ಮೂರಾಗಿದ್ದವು.

"ಯಾಕೆ ತರೋಕೆ ಹೋದ್ರಿ ಅತ್ತಿಗೆ? ನಾನೇ ಬರ್ತಿದ್ದೆ."

"ತಡ ಮಾಡ್ಬಿಟ್ಟೆ," ಎಂದಳು. "ಕೆಮ್ಮು ಇದೆಯಲ್ಲ ಇನ್ನೂ."

"ಅದು ಸಿಗರೇಟಿನದ್ದು ಬಿಡಿ." ಅವನು ಕೋಟು ಹೊರತೆಗೆದು ಮೂಸಿದ. "ಅಯ್ಯೋ, ಒಗೆದಿದ್ದೀರ! ಕಂಪನಿ ಕೋಟು ಯಾರಾದ್ರೂ ಒಗೀತಾರಾ? ನಾತ ಇದ್ರೇನೇ ಇದು ಬೆಚ್ಚಗಿರೋದು." ತಾನೇ ನಕ್ಕು, ಅವಳ ಮುಖ ನೋಡಿ ನಿಲ್ಲಿಸಿದ. "ತಮಾಷೆಗೆ ಅಂದೆ."

"ಗೊತ್ತು."

ಒಳಗಿನಿಂದ ಯಾರೋ ಕೂಗಿದರು. ಅವನು ಕೋಟು ತೊಟ್ಟು ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡ. ಎತ್ತರದ ಗಂಡನಿಗೆ ಅದರ ತೋಳುಗಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತಿದ್ದವು. ಇವನಿಗೆ ಕೈಯವರೆಗೂ ಸರಿಯಾಗಿ ಬಂದವು. ಗಾಡಿ ಹತ್ತಿ, ಒಂದು ಕೈ ಎತ್ತಿ, ಬಾಗಿಲಿನ ದಪ್ಪ ಪ್ಲಾಸ್ಟಿಕ್ ಪಟ್ಟಿಗಳನ್ನು ಸೀಳಿಕೊಂಡು ಒಳಗೆ ಹೋದ.

ತಣ್ಣನೆಯ ಬಿಳಿ ಗಾಳಿ ನೆಲದ ಮೇಲೆ ಹರಿದು ಅವಳ ಕಾಲಿನವರೆಗೂ ಬಂತು. ಪಟ್ಟಿಗಳು ಒಂದಕ್ಕೊಂದು ತಾಗಿ ಅಲುಗಾಡಿ, ಒಂದೊಂದಾಗಿ ನಿಂತವು.